ಮಾಲ್ ಕಟ್ಟಿದವನಿಗೆ ಬೇಕಿದ್ದದ್ದು ಪೇಟೆ

ಚರ್ಚ್ ಸ್ಟ್ರೀಟಿಗೆ ಗಾಡಿ ಬಿಡಬೇಕೋ ಬೇಡವೋ ಅನ್ನುವ ಜಗಳ ಬೆಂಗಳೂರಿನಲ್ಲಿ ಆಗಾಗ ಏಳುತ್ತದೆ. 2020ರ ನವೆಂಬರಿನಿಂದ ಕೆಲವು ತಿಂಗಳು, ಶನಿವಾರ ಭಾನುವಾರ ಅಲ್ಲಿ ವಾಹನ ನಿಲ್ಲಿಸಿ ನೋಡಿದ್ದೂ ಆಯಿತು. ಗಾಡಿ ತೆಗೆದರೆ ಬೀದಿಗೆ ಜೀವ ಬರುತ್ತೆ ಅನ್ನೋದು ಒಂದು ಪಕ್ಷ. ಗಾಡಿ ತೆಗೆದರೆ ವ್ಯಾಪಾರ ಸಾಯುತ್ತೆ ಅನ್ನೋದು ಇನ್ನೊಂದು ಪಕ್ಷ. ಈ ಎರಡೂ ಮಾತುಗಳನ್ನು ಅಮೆರಿಕದವರು ಅರುವತ್ತು ವರ್ಷದ ಹಿಂದೆಯೇ ಪರೀಕ್ಷೆಗೆ ಒಡ್ಡಿದ್ದಾರೆ. ಅದೂ ಒಂದೆರಡು ಕಡೆ ಅಲ್ಲ, ಸುಮಾರು 200 ಊರುಗಳಲ್ಲಿ. ಆ ಪ್ರಯೋಗಗಳ ಬಗ್ಗೆ ಓದುತ್ತಾ ಹೋದರೆ ಎಲ್ಲ ದಾರಿಗಳೂ ಒಬ್ಬನ ಮನೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಅವನ ಹೆಸರು ವಿಕ್ಟರ್ ಗ್ರೂಯೆನ್.

ಗ್ರೂಯೆನ್ ಹುಟ್ಟಿದ್ದು 1903ರಲ್ಲಿ, ವಿಯೆನ್ನಾದಲ್ಲಿ. ಹಗಲಲ್ಲಿ ಆರ್ಕಿಟೆಕ್ಟ್, ಸಂಜೆ ರಾಜಕೀಯ ವಿಡಂಬನೆಯ ಪ್ರಹಸನಗಳಲ್ಲಿ ನಟ. ಯೆಹೂದಿ ಬೇರೆ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದ. ಕಿಸೆಯಲ್ಲಿ ಇದ್ದದ್ದು 8 ಡಾಲರ್ ಅಂತೆ. ತಲೆಯಲ್ಲಿ ಮಾತ್ರ ಇಡೀ ವಿಯೆನ್ನಾ ಇತ್ತು. ಕೆಳಗೆ ಕಾಫಿ ಅಂಗಡಿ, ಮೇಲೆ ಮನೆ, ನಾಲ್ಕು ಹೆಜ್ಜೆಗೆ ನಾಟಕಶಾಲೆ, ಕೆಲಸವಿಲ್ಲದೆಯೂ ಹೋಗಿ ಕೂರಬಹುದಾದ ಚೌಕ.

ಅವನು ಹೋಗಿ ಇಳಿದ ದೇಶ ಆಗ ತದ್ವಿರುದ್ಧ ದಿಕ್ಕಿಗೆ ಓಡಲು ತಯಾರಾಗುತ್ತಿತ್ತು. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಸರ್ಕಾರವೇ ಭರವಸೆ ಕೊಟ್ಟ ಸಾಲದಲ್ಲಿ ಊರಾಚೆ ಸಾಲುಸಾಲು ಮನೆಗಳು ಎದ್ದವು. 1956ರ ಹೆದ್ದಾರಿ ಕಾಯ್ದೆ 41,000 ಮೈಲಿ ರಸ್ತೆಗೆ ಒಪ್ಪಿಗೆ ಕೊಟ್ಟಿತು, ಖರ್ಚಿನ ಶೇ. 90 ಭಾಗವನ್ನು ಕೇಂದ್ರ ಸರ್ಕಾರ ಹೊತ್ತುಕೊಂಡಿತು. ಮಧ್ಯಮ ವರ್ಗದ ಬಿಳಿಯರು ಊರಾಚೆ ಹೋದರು, ಅಂಗಡಿಗಳು ಅವರ ಹಿಂದೆ ಹೋದವು. ಡೌನ್‌ಟೌನ್ ಅನ್ನೋದು ಬೆಳಿಗ್ಗೆ ಒಂಬತ್ತಕ್ಕೆ ತುಂಬಿ ಸಂಜೆ ಆರಕ್ಕೆ ಬಿಕೋ ಅನ್ನುವ ಜಾಗವಾಯಿತು.

ಗ್ರೂಯೆನ್ ಇದಕ್ಕೆ ಎರಡು ಮದ್ದು ಅರೆದ. ಒಂದು ಊರಾಚೆಯ ಬಡಾವಣೆಗಳಿಗೆ, ಇನ್ನೊಂದು ಹಳೇ ಊರಿಗೆ.

ಮೊದಲನೇ ಮದ್ದು ನಮಗೆಲ್ಲ ಗೊತ್ತಿರುವಂಥದ್ದೇ. ಮಿನೆಸೋಟಾದ ಈಡೈನಾ ಎಂಬಲ್ಲಿ 1956ರ ಅಕ್ಟೋಬರಿನಲ್ಲಿ ಸೌತ್‌ಡೇಲ್ ಬಾಗಿಲು ತೆರೆಯಿತು. ಪೂರ್ತಿ ಮುಚ್ಚಿದ, ಒಳಗೆಲ್ಲ ಹವಾನಿಯಂತ್ರಣ ಇರುವ ಮಾಲ್‌ಗಳ ಮೂಲಪುರುಷ ಇದೇ. ಹೊರಗೆ ಹಿಮ ಬೀಳುತ್ತಿದ್ದರೆ ಒಳಗೆ ಹಕ್ಕಿಗಳ ಪಂಜರ, ಗಿಡ, ಕಾಫಿ, ಕೂರಲು ಜಾಗ. ನಾವು ವಾರಾಂತ್ಯದಲ್ಲಿ ಹೋಗಿ ಸುತ್ತಾಡುವ ಮಾಲ್‌ಗಳೆಲ್ಲ ಇದರ ಮರಿಮಕ್ಕಳು. ಆದರೆ ಗ್ರೂಯೆನ್ ಬರೆದ ನಕ್ಷೆಯಲ್ಲಿ ಸೌತ್‌ಡೇಲ್ ಒಂಟಿ ಕಟ್ಟಡವಾಗಿರಲಿಲ್ಲ. ಸುತ್ತಲೂ ಮನೆ, ಶಾಲೆ, ಉದ್ಯಾನ, ಆಸ್ಪತ್ರೆ, ಕೆರೆ ಇತ್ತು. ಅವನ ಲೆಕ್ಕದಲ್ಲಿ ಅದು ಹೊಸ ಊರಿನ ಪೇಟೆ. ಆದದ್ದೇ ಬೇರೆ. ಮಾಲ್ ಬಂದದ್ದೇ ಸುತ್ತಲಿನ ಜಮೀನಿನ ಬೆಲೆ ಏರಿತು. ಊರು ಬರಬೇಕಿದ್ದ ಕಡೆ ಪಾರ್ಕಿಂಗ್ ಜಾಗವೂ ಬಿಡಿಬಿಡಿ ವ್ಯಾಪಾರವೂ ಬಂದವು.

ಎರಡನೇ ಮದ್ದು ಅದೇ ವರ್ಷ ಟೆಕ್ಸಸ್‌ನ ಫೋರ್ಟ್ ವರ್ತ್ ನಗರಕ್ಕೆ ಬರೆದುಕೊಟ್ಟ ಯೋಜನೆ. ಊರಿನ ನಡುಭಾಗದ ಸುತ್ತ ವರ್ತುಲ ರಸ್ತೆ, ಅದಕ್ಕೆ ಅಂಟಿಕೊಂಡಂತೆ ಆರು ದೊಡ್ಡ ಪಾರ್ಕಿಂಗ್ ಕಟ್ಟಡಗಳು, ಒಟ್ಟು 60,000 ಕಾರುಗಳಿಗೆ ಜಾಗ. ಅಲ್ಲಿಂದಾಚೆಗೆ ನಡಿಗೆ. ನಡೆಯಲಾಗದವರಿಗೆ ಪುಟ್ಟ ವಿದ್ಯುತ್ ಗಾಡಿ, ಅಂಗಡಿ ಸಾಮಾನಿಗೆ ನೆಲದಡಿಯ ಸುರಂಗ. ಕೋಟೆ ಗೋಡೆ ಕೆಡವಿ ಕಟ್ಟಿದ ವಿಯೆನ್ನಾದ ರಿಂಗ್‌ಸ್ಟ್ರಾಸೆ ಇವನ ಕಣ್ಣಮುಂದೆ ಇದ್ದಿರಲೇಬೇಕು. ಯೋಜನೆಯನ್ನು ಹೊಗಳಿದವರು ಬಹಳ. ಆದರೆ ಹಣದ ಪ್ರಶ್ನೆ ಎದ್ದಿತು, ಖಾಸಗಿ ಪಾರ್ಕಿಂಗ್ ಮಾಲೀಕರು ವಿರೋಧಿಸಿದರು. ಫೋರ್ಟ್ ವರ್ತ್ ಯೋಜನೆ ಕಾಗದದಲ್ಲೇ ಉಳಿಯಿತು.

ಈ ಯೋಜನೆಯಲ್ಲಿ ಎಲ್ಲಕ್ಕಿಂತ ಅಗ್ಗದ ತುಂಡು ಯಾವುದು ಹೇಳಿ? ಬೀದಿ ಮುಚ್ಚಿ ಗಿಡ ನೆಡುವುದು. ಅದೊಂದನ್ನು ಮಾತ್ರ ಊರುಗಳು ಎತ್ತಿಕೊಂಡವು. ಮಿಷಿಗನ್‌ನ ಕಲಮಜೂ ಎಂಬ ಊರಿಗೂ ಗ್ರೂಯೆನ್ ದೊಡ್ಡ ನಕ್ಷೆಯನ್ನೇ ಕೊಟ್ಟಿದ್ದ. ಊರಿನವರು 1959ರಲ್ಲಿ ಬರ್ಡಿಕ್ ಸ್ಟ್ರೀಟಿನ ಎರಡು ಬ್ಲಾಕ್‌ಗೆ ಕಾರು ನಿಲ್ಲಿಸಿ, ಹುಲ್ಲು ಹಾಸಿ, ಉದ್ಘಾಟನೆ ಮಾಡಿಬಿಟ್ಟರು. ಮೊದಮೊದಲು ಜನ ಮುಗಿಬಿದ್ದರು. ಅದನ್ನು ನೋಡಿ ಉಳಿದ ಊರುಗಳೂ ಶುರುಮಾಡಿದವು.

ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ 1964ರಲ್ಲಿ ತೆರೆದ ಫುಲ್ಟನ್ ಮಾಲ್ ಇವುಗಳಲ್ಲೇ ಚೆಂದದ್ದು. ಗ್ಯಾರೆಟ್ ಎಕ್‌ಬೋ ಅದರ ವಿನ್ಯಾಸಕಾರ. ಆರು ಬ್ಲಾಕ್ ಉದ್ದಕ್ಕೂ ನೀರು, ನೆರಳು, ಶಿಲ್ಪಗಳು. ರೆನ್ವಾನ ಒಂದು ಕಂಚಿನ ಪ್ರತಿಮೆಯೂ ಇತ್ತು! ಇಷ್ಟೆಲ್ಲ ಇದ್ದೂ ಊರು ಉತ್ತರದ ಕಡೆಗೇ ಬೆಳೆಯುತ್ತಾ ಹೋಯಿತು. ಹೊಸ ಮನೆಗಳಿಗೂ ಹೊಸ ಮಾಲ್‌ಗಳಿಗೂ ಅಲ್ಲೇ ಅನುಮತಿ ಸಿಗುತ್ತಿತ್ತು. ದೊಡ್ಡ ಅಂಗಡಿಗಳು ಒಂದೊಂದಾಗಿ ಎದ್ದುಹೋದವು. 2017ರ ಅಕ್ಟೋಬರಿನಲ್ಲಿ ಫುಲ್ಟನ್ ಬೀದಿಗೆ ಮತ್ತೆ ಕಾರು ಬಂತು. ಕಲಮಜೂದ ಒಂದು ಭಾಗಕ್ಕೆ 1998ರಲ್ಲೇ ಬಂದಿತ್ತು. ಆ 200ರಲ್ಲಿ ಬಹುಪಾಲು ಬೀದಿಗಳ ಕಥೆ ಇಷ್ಟೇ.

ಹಾಗಾದ್ರೆ "ಗಾಡಿ ತೆಗೆದರೆ ವ್ಯಾಪಾರ ಸಾಯುತ್ತೆ" ಅನ್ನುವವರೇ ಗೆದ್ದರು ಅಂತೀರಾ? ಉಳಿದುಕೊಂಡ ಬೀದಿಗಳನ್ನು ನೋಡಿ ಆಮೇಲೆ ಹೇಳಿ. ಕೊಲರಾಡೋದ ಬೋಲ್ಡರ್‌ನಲ್ಲಿರುವ ಪರ್ಲ್ ಸ್ಟ್ರೀಟ್ (1977), ವರ್ಮಾಂಟ್‌ನ ಬರ್ಲಿಂಗ್ಟನ್‌ನಲ್ಲಿರುವ ಚರ್ಚ್ ಸ್ಟ್ರೀಟ್ (1981, ಹೌದು, ಹೆಸರು ಅದೇ!), ವರ್ಜೀನಿಯಾದ ಶಾರ್ಲಟ್ಸ್‌ವಿಲ್. ಮೂರೂ ವಿಶ್ವವಿದ್ಯಾಲಯ ಇರುವ ಊರುಗಳು. ನಡೆದುಕೊಂಡೇ ಬರುವ ವಿದ್ಯಾರ್ಥಿಗಳಿದ್ದಾರೆ, ಹತ್ತಿರದಲ್ಲೇ ಮನೆಗಳಿವೆ, ಬೀದಿಗೆ ಬರಲು ಕೊಳ್ಳುವುದರ ಆಚೆಗೂ ಕಾರಣಗಳಿವೆ. ಅಲ್ಲಿ ಕಾರಿಲ್ಲದ ಬೀದಿ ಚೆನ್ನಾಗಿಯೇ ನಡೀತಾ ಇದೆ.

ಜೇನ್ ಜೇಕಬ್ಸ್ ಇದನ್ನು ಆಗಲೇ ಗುರುತಿಸಿದ್ದಳು. 1958ರಲ್ಲಿ 'ಫಾರ್ಚೂನ್' ಪತ್ರಿಕೆಗೆ ಡೌನ್‌ಟೌನ್ ಬಗ್ಗೆ ಬರೆದಾಗ ಗ್ರೂಯೆನ್‌ನ ಫೋರ್ಟ್ ವರ್ತ್ ಯೋಜನೆಯನ್ನು ಮೆಚ್ಚಿಕೊಂಡಿದ್ದಳು. 1961ರ ಪುಸ್ತಕದಲ್ಲಿ ಆಕೆ ಒತ್ತಿ ಹೇಳಿದ್ದು ಬೇರೆಬೇರೆ ಹೊತ್ತಿನಲ್ಲಿ, ಬೇರೆಬೇರೆ ಕೆಲಸಕ್ಕೆ ಜನ ಬೀದಿಗೆ ಇಳಿಯಬೇಕು ಅಂತ. ಆಫೀಸು ಮಾತ್ರ ಇರುವ ಕಡೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋಟೆಲ್ ತುಂಬುತ್ತೆ, ರಾತ್ರಿ ನೊಣ ಹೊಡೆಯುತ್ತೆ. ಮನೆ, ಕೆಲಸ, ಮನರಂಜನೆ ಮೂರೂ ಒಟ್ಟಿಗಿದ್ದರೆ ಅದೇ ಹೋಟೆಲ್ ದಿನವಿಡೀ ಬದುಕುತ್ತೆ.

ಗ್ರೂಯೆನ್ ಕೊನೆಗೆ ವಿಯೆನ್ನಾಗೇ ಮರಳಿದ. ಅಲ್ಲಿ ಅವನಿಗೆ ಎರಡು ದೃಶ್ಯ ಕಾದಿದ್ದವು. ಊರ ಹೃದಯದಲ್ಲಿ ಕೆರ್ಟ್‌ನರ್ ಸ್ಟ್ರಾಸೆ 1974ರಲ್ಲಿ ನಡೆಯುವವರ ಬೀದಿಯಾಯಿತು. ಹಳೇ ಊರಿಗೆ ಅವನೂ ಯೋಜನೆ ಕೊಟ್ಟಿದ್ದ. ನೆಲದಡಿಯ ರೈಲು ಬಂತು, ಬೀದಿ ಇವತ್ತಿಗೂ ಗಿಜಿಗುಡುತ್ತಿದೆ. ಊರ ಹೊರಗೆ ದಕ್ಷಿಣಕ್ಕೆ 1976ರಲ್ಲಿ ದೈತ್ಯ ಮಾಲ್ ಒಂದು ಎದ್ದು ನಿಂತಿತು. ತನ್ನ ಹೆಸರಿನಲ್ಲಿ ಕಟ್ಟುತ್ತಿರುವ ಈ ಮಕ್ಕಳು ತನ್ನವಲ್ಲ ಎಂದು 1978ರಲ್ಲಿ ಲಂಡನ್ನಿನ ಭಾಷಣವೊಂದರಲ್ಲಿ ಸಾರಿಬಿಟ್ಟ. ಎರಡು ವರ್ಷದ ನಂತರ ತೀರಿಕೊಂಡ.

ಇದನ್ನೆಲ್ಲ ಓದುವಾಗ ನನಗೆ ಚರ್ಚ್ ಸ್ಟ್ರೀಟಿಗಿಂತ ಹೆಚ್ಚಾಗಿ ನೆನಪಾದದ್ದು ನಮ್ಮ ಪೇಟೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ ಅಂತ ಕಸುಬು, ಸರಕುಗಳೇ ಹೆಸರಾದ ಬೀದಿಗಳು. ಕೆಳಗೆ ಅಂಗಡಿ, ಮೇಲೆ ಮನೆ, ಮೂಲೆಗೊಂದು ಗುಡಿ. ಗ್ರೂಯೆನ್ ಮಿನೆಸೋಟಾದಲ್ಲಿ ಹವಾನಿಯಂತ್ರಣ ಹಾಕಿ ಸೃಷ್ಟಿಸಲು ಹೊರಟದ್ದು ಇಲ್ಲಿ ಶತಮಾನಗಳಿಂದ ಇತ್ತು. 1898ರ ಪ್ಲೇಗಿನ ನಂತರ ಅನುಕೂಲಸ್ಥರು ಬಸವನಗುಡಿ, ಮಲ್ಲೇಶ್ವರಗಳ ಕಡೆ ಹೊರಟರು. ಆದರೂ ಪೇಟೆ ಸಾಯಲಿಲ್ಲ, ಯಾಕಂದ್ರೆ ಉಳಿದವರು ಅಲ್ಲೇ ಬದುಕಿದರು. ಈಗ ಚಿಕ್ಕಪೇಟೆ ಮೆಟ್ರೋ ನಿಲ್ದಾಣದಿಂದ ಹೊರಬಂದು ತಲೆ ಎತ್ತಿ ನೋಡಿ. ಮನೆಗಳಿದ್ದ ಎಷ್ಟೋ ಮಹಡಿಗಳಲ್ಲಿ ಬಟ್ಟೆಯ ಬೇಲುಗಳು ತುಂಬಿವೆ.

ನನ್ನ ಭಯ ಇದೇ. ಹಳೇ ಪೇಟೆಗೆ "ಹೊಸ ಜೀವ" ತುಂಬಲು ಯೋಜನೆ ಬಂದಾಗ ನಾವು ಕಲ್ಲುಹಾಸು ಯಾವುದು, ದೀಪದ ಕಂಬ ಎಂಥದ್ದು, ಕಾರು ಬಿಡಬೇಕಾ ಅಂತಲೇ ಜಗಳ ಆಡ್ತೀವಿ. ಫ್ರೆಸ್ನೋದಲ್ಲಿ ಕಲ್ಲುಹಾಸಿಗೂ ಶಿಲ್ಪಕ್ಕೂ ಏನೂ ಕಮ್ಮಿ ಇರಲಿಲ್ಲ. ಅಂಗಡಿ ಮೇಲಿನ ಮನೆಯಲ್ಲಿ ಬಾಡಿಗೆಗೆ ಇರಲು ಈಗಿನ ದಂಪತಿಗೆ ಸಾಧ್ಯವೇ? ಹೂ ಮಾರುವವಳಿಗೆ ಹೊಸ ಬೀದಿಯಲ್ಲಿ ಜಾಗ ಇದೆಯೇ? ಅಂಗಡಿಗಳು ಕದ ಹಾಕಿದ ಮೇಲೆ ರಾತ್ರಿ ಒಂಬತ್ತಕ್ಕೆ ಅಲ್ಲಿ ದೀಪ ಉರಿಯುವ ಕಿಟಕಿಗಳೆಷ್ಟು? ಮುಂದಿನ ಸಲ ಅಂಥ ನಕ್ಷೆಯೊಂದು ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ ಮಹಡಿಗಳಿಗೆ ಏನು ಬರೆದಿದ್ದಾರೆ ಅಂತ ಮೊದಲು ನೋಡೋಣ. ಏನೂ ಬರೆದಿಲ್ಲವಾದರೆ, ಆಕ್ಷೇಪಣೆ ಸಲ್ಲಿಸಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.