‘ನನ್ನ’ ಮತ್ತು ‘ನಮ್ಮ’: ಒಂದು ಕೃತಕ ಭಾಷೆಯ ಸರ್ವನಾಮಗಳು

ಜರ್ಮನಿಯ ಕಾನ್‌ಸ್ಟಾನ್ಸ್ ಬಳಿಯ ಲಿಟ್ಸೆಲ್‌ಸ್ಟೆಟನ್ ಗ್ರಾಮದಲ್ಲಿ ಧರ್ಮಗುರುವಾಗಿದ್ದ ಯೋಹಾನ್ ಮಾರ್ಟಿನ್ ಶ್ಲೇಯರ್ (1831–1912), ಜನಾಂಗಗಳನ್ನು ಬೆಸೆಯುವ ಭಾಷೆಯೊಂದನ್ನು ರಚಿಸುವ ಪ್ರೇರಣೆ 1879ರ ಮಾರ್ಚ್ ತಿಂಗಳ ಒಂದು ನಿದ್ದೆಯಿಲ್ಲದ ರಾತ್ರಿ ತಮಗೆ ದೇವರಿಂದಲೇ ದೊರೆಯಿತೆಂದು ನಂಬಿದ್ದರು. ಹಾಗೆ ಹುಟ್ಟಿದ ಭಾಷೆಯೇ ವೋಲಾಪ್ಯೂಕ್.

ಅದರ ನಾಮಪದಗಳಿಗೆಲ್ಲ ಒಂದೇ ವಿಭಕ್ತಿಕ್ರಮ. ‘ದೊಮ್’ ಎಂದರೆ ಮನೆ. ಷಷ್ಠಿಯಲ್ಲಿ ‘ದೊಮಾ’, ಚತುರ್ಥಿಯಲ್ಲಿ ‘ದೊಮೆ’, ದ್ವಿತೀಯೆಯಲ್ಲಿ ‘ದೊಮಿ’. ಬಹುವಚನಕ್ಕೆ ಕೊನೆಯಲ್ಲಿ ‘ಸ್’ ಸೇರುತ್ತದೆ. ಕನ್ನಡದ ‘ಮನೆಗಳಿಗೆ’ ಎಂಬಲ್ಲಿ ವಚನ ಮೊದಲು, ವಿಭಕ್ತಿ ಅನಂತರ. ಅಲ್ಲಿನ ‘ದೊಮೆಸ್’ನಲ್ಲಿ ಈ ಕ್ರಮ ತಿರುಗುಮುರುಗು. ಭಾಷೆಯ ಹೆಸರಿನಲ್ಲಿಯೂ ಷಷ್ಠಿಯಿದೆ: ‘ವೋಲ್’ ಲೋಕ, ‘ಪ್ಯೂಕ್’ ನುಡಿ, ವೋಲಾಪ್ಯೂಕ್ ಎಂದರೆ ಲೋಕದ ನುಡಿ.

ಸರ್ವನಾಮಗಳೂ ಇದೇ ನಿಯಮಕ್ಕೆ ಒಳಪಟ್ಟಿವೆ. ‘ಒಬ್’ ನಾನು, ‘ಒಲ್’ ನೀನು, ‘ಒಮ್’ ಅವನು, ‘ಒಫ್’ ಅವಳು. ‘ಒಬ್’ಗೆ ‘ಸ್’ ಸೇರಿದರೆ ‘ಒಬ್ಸ್’, ಅಂದರೆ ನಾವು. ಅದರ ಷಷ್ಠಿ ‘ಒಬಾಸ್’, ಅಂದರೆ ನಮ್ಮ. ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ತಂದೆಯನ್ನು ಸಂಬೋಧಿಸುವಾಗ ಬರುವುದು ಈ ‘ಒಬಾಸ್’. ‘ನನ್ನ’ ಎನ್ನಲು ‘ಒಬಿಕ್’ ಎಂಬ ಬೇರೆ ರೂಪವಿದೆ.

ಈ ಎರಡು ಪದಗಳ ನಡುವಿನ ಅಂತರವೇ ಆ ಭಾಷೆಯ ದುರಂತವೆಂದು ನಮಗೆ ತೋರುತ್ತದೆ. 1884ರಲ್ಲಿ ಫ್ರೀಡ್ರಿಕ್‌ಶಾಫೆನ್, 1887ರಲ್ಲಿ ಮ್ಯೂನಿಕ್, 1889ರಲ್ಲಿ ಪ್ಯಾರಿಸ್ ನಗರಗಳಲ್ಲಿ ಅದರ ಸಮ್ಮೇಳನಗಳು ನಡೆದವು. ಪ್ಯಾರಿಸ್ಸಿನಲ್ಲಿ ಕಲಾಪವೂ ವೋಲಾಪ್ಯೂಕಿನಲ್ಲಿಯೇ ಸಾಗಿತು. ಆದರೆ ಅಕಾಡೆಮಿಯ ನಿರ್ದೇಶಕ ಔಗುಸ್ಟ್ ಕೆರ್ಕ್‌ಹಾಫ್ಸ್ ವ್ಯಾಕರಣವನ್ನು ಸರಳಗೊಳಿಸಬಯಸಿದಾಗ, ‘ಸಿಫಾಲ್’, ಅಂದರೆ ಪರಮಾಧ್ಯಕ್ಷ, ಎನಿಸಿಕೊಂಡಿದ್ದ ಶ್ಲೇಯರ್ ಅಂತಿಮ ನಿರ್ಣಯ ತಮ್ಮದೇ ಎಂದು ಪಟ್ಟು ಹಿಡಿದರು. ಚಳವಳಿ ಒಡೆಯಿತು. ಲೋಕಕ್ಕೆ ‘ಒಬಾಸ್’ ಕಲಿಸಿದವರು ಭಾಷೆಯನ್ನು ‘ಒಬಿಕ್’ ಎಂದರು.

ಅವರ ಭಯ ನಿರಾಧಾರವಾಗಿರಲಿಲ್ಲ. ಕಾಯುವವರಿಲ್ಲದಿದ್ದರೆ ಪ್ರತಿಯೊಬ್ಬನೂ ತನ್ನದೊಂದು ವ್ಯಾಕರಣ ಕಟ್ಟುತ್ತಾನೆ. ಒಡಕಿನ ಅನಂತರ ಆದದ್ದೂ ಅದೇ. ಹಾಗಾದರೆ ಕಾಯುವ ಬಗೆ ಯಾವುದು? 1887ರಲ್ಲಿ ಎಸ್ಪೆರಾಂಟೊ ಪ್ರಕಟಿಸಿದ ಜಾಮೆನ್‌ಹಾಫ್ ಅದರ ಮೇಲಿನ ತಮ್ಮ ಹಕ್ಕನ್ನು ಬಿಟ್ಟುಕೊಟ್ಟರು. 1905ರ ಬುಲೋನ್ ಘೋಷಣೆ ಆ ಭಾಷೆಗೆ ಒಂದು ಆಧಾರಗ್ರಂಥವನ್ನು ಅಂಗೀಕರಿಸಿ, ಅದನ್ನು ಬದಲಿಸುವ ಹಕ್ಕು ಯಾರಿಗೂ ಇಲ್ಲವೆಂದಿತು. ಅಡಿಪಾಯ ಸ್ಥಾಪಕನನ್ನೂ ಕಟ್ಟಿಹಾಕಿತು, ಕಟ್ಟಡ ಸಮುದಾಯದ್ದಾಯಿತು.

ಧರ್ಮಸಭೆಗೆ ಈ ವಿವೇಕ ಹೊಸದಲ್ಲ. ಬೋಧನಾಧಿಕಾರವು ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಗಾಗಿ ಇರುವಂಥದು ಎಂದು 1965ರ ‘ದೇಯಿ ವೆರ್ಬುಮ್’ ಸಂವಿಧಾನವು ಬೋಧಿಸುತ್ತದೆ. ಪವಿತ್ರಾತ್ಮರ ವರ ಒಬ್ಬರ ಮೂಲಕ ಬಂದರೂ ಅದು ಎಲ್ಲರ ಹಿತಕ್ಕಾಗಿ ಎಂಬುದು ಸಂತ ಪೌಲರ ನಿಲುವು. ಪ್ರೇರಣೆ ನಿಜವಾಗಿಯೂ ದೇವರದೇ ಆಗಿದ್ದರೆ, ಅದನ್ನು ‘ನನ್ನದು’ ಎನ್ನುವ ಹಕ್ಕು ಪಡೆದವನಿಗೇ ಎಲ್ಲರಿಗಿಂತ ಕಡಿಮೆ. ಧರ್ಮಕೇಂದ್ರವನ್ನೋ ಗುರುಮಠದ ಪೀಠವನ್ನೋ ವಹಿಸಿಕೊಂಡಿರುವ ನಾವು ದಿನವೂ ಪ್ರಾರ್ಥಿಸುವುದು ಬಹುವಚನದಲ್ಲಿ. ಆಡಳಿತ ನಡೆಸುವುದು ಯಾವ ವಚನದಲ್ಲಿ ಎಂಬುದನ್ನು ನಾವೇ ಪರೀಕ್ಷಿಸಿಕೊಳ್ಳಬೇಕಾಗಿದೆ.