ಮನೆಯ ವೈಫೈ ನಿಧಾನವೇ? ಪ್ಲಾನ್ ಏರಿಸುವ ಮೊದಲು ರೂಟರ್ ಎಲ್ಲಿದೆ ನೋಡಿ

ಹಾಲ್‌ನ ಟಿವಿಯಲ್ಲಿ ಕ್ರಿಕೆಟ್, ಮಹಡಿ ಕೋಣೆಯಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸ್, ಅಡುಗೆಮನೆಯಲ್ಲಿ ದುಬೈಯಿಂದ ವೀಡಿಯೊ ಕಾಲ್. ಎಲ್ಲವೂ ಒಟ್ಟಿಗೆ ನಡೆಯುವ ಹೊತ್ತಿಗೇ ಬಫರಿಂಗ್ ಶುರು. ಹೆಚ್ಚಿನವರು ಆಗ ಪ್ಲಾನ್ ಏರಿಸಿ ಬಿಡುತ್ತಾರೆ. ತಿಂಗಳ ಬಿಲ್ ಏರುತ್ತದೆ, ಚಿತ್ರ ಸುತ್ತುವುದು ಮಾತ್ರ ನಿಲ್ಲುವುದಿಲ್ಲ.

ಲೆಕ್ಕ ಹಾಕಿದರೆ ಬೇಕಾದ ವೇಗ ಅಷ್ಟೇನಿಲ್ಲ. ನೆಟ್‌ಫ್ಲಿಕ್ಸ್ ಹೇಳುವಂತೆ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಸಾಕು. ಒಂದು 4ಕೆ ಟಿವಿ, ಎರಡು ಮೊಬೈಲ್, ಒಂದು ವೀಡಿಯೊ ಕಾಲ್ ಸೇರಿದರೂ 30ರ ಆಸುಪಾಸು. 50 ಎಂಬಿಪಿಎಸ್ ಪ್ಲಾನ್ ಇದ್ದರೆ ಧಾರಾಳವಾಯಿತು.

ತೊಂದರೆ ಎಲ್ಲಿದೆ ಎಂದು ತಿಳಿಯಲು ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ರೂಟರಿಗೆ ಜೋಡಿಸಿ ಸ್ಪೀಡ್ ಟೆಸ್ಟ್ ಮಾಡಿ. ಆಗ ಮನೆಯ ಉಳಿದ ಫೋನ್, ಟಿವಿಗಳಲ್ಲಿ ನೆಟ್ ಓಡುತ್ತಿರಬಾರದು. ಅಲ್ಲೇ ವೇಗ ಕಡಿಮೆಯಿದ್ದರೆ ಕಂಪೆನಿಗೆ ದೂರು ಕೊಡಿ. ಅಲ್ಲಿ ಸರಿಯಿದ್ದು ಕೋಣೆಯಲ್ಲಿ ಮಾತ್ರ ಕಡಿಮೆ ಎಂದಾದರೆ ಕಾರಣ ಮನೆಯೊಳಗೇ ಇದೆ.

ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ಕೆಂಪುಕಲ್ಲಿನ ದಪ್ಪ ಗೋಡೆ, ಮೇಲೆ ಕಾಂಕ್ರೀಟ್ ಸ್ಲ್ಯಾಬ್. ವೈಫೈಯ 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದು, ಆದರೆ ಇಂಥ ಗೋಡೆ ಎರಡು ದಾಟುವಾಗಲೇ ಸುಸ್ತು. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. ಅಕ್ಕಪಕ್ಕದ ಮನೆಗಳ ವೈಫೈಯೂ ಅದರಲ್ಲೇ ಇರುತ್ತದೆ. ಲೈನ್ ಎಳೆಯುವವರು ಕಿಟಕಿ ಬದಿಯ ಮೂಲೆಯಲ್ಲೋ ಟಿವಿಯ ಹಿಂದೆಯೋ ರೂಟರ್ ಇಟ್ಟು ಹೋಗುತ್ತಾರೆ, ಅವರಿಗೆ ಅದೇ ಸುಲಭ. ಅದನ್ನು ಮನೆಯ ನಡುವೆ, ಮೆಟ್ಟಿಲಿನ ಹತ್ತಿರ, ಎತ್ತರದಲ್ಲಿ ಇಡಿಸಿ. ಸ್ಟೀಲ್ ಕಪಾಟಿನ ಹತ್ತಿರ ಬೇಡ. ಫೈಬರ್ ವೈರನ್ನು ಮಾತ್ರ ನೀವೇ ಬಗ್ಗಿಸಲು ಹೋಗಬೇಡಿ, ಒಳಗಿರುವುದು ಗಾಜಿನ ಎಳೆ.

ಜಾಗ ಬದಲಾಯಿಸದ ಟಿವಿಗೆ ವೈಫೈ ಯಾಕೆ? ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು. ಟಿವಿ ಕೇಬಲ್‌ಗೆ ಹೋದರೆ ವೈಫೈ ಪೂರ್ತಿ ಮೊಬೈಲ್‌ಗಳಿಗೇ ಉಳಿಯುತ್ತದೆ.

ಮಹಡಿಗೆ ಸಿಗ್ನಲ್ ಸಾಲದಿದ್ದರೆ ಅಂಗಡಿಯವರು ಮೊದಲು ತೋರಿಸುವುದು ಅಗ್ಗದ ರಿಪೀಟರ್. ಒಂದೇ ಬ್ಯಾಂಡಿನಲ್ಲಿ ಪಡೆದು ಅದರಲ್ಲೇ ಮರಳಿ ಕಳಿಸುವ ಇದರಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದರ ಬದಲು ಮೇಲಕ್ಕೆ ಒಂದು ಕೇಬಲ್ ಎಳೆದು, ಇನ್ನೊಂದು ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿ ಕೂರಿಸುವುದು ಒಳ್ಳೆಯದು. ಗಲ್ಫಿನಿಂದ ತಂದ ರೂಟರ್ ಆದರೆ ಮೊದಲು ನೋಡಿಕೊಳ್ಳಿ, ಅಲ್ಲಿನ ಕಂಪೆನಿಗಳು ಕೊಡುವ ಕೆಲವು ರೂಟರ್ ಲಾಕ್ ಆಗಿರುತ್ತವೆ.

ಸಿನಿಮಾ ಸರಿಯಾಗಿ ಓಡಿ, ಕಾಲ್ ಮಾತ್ರ ಕಡಿಯುತ್ತಿದ್ದರೆ ಅಪ್‌ಲೋಡ್ ನೋಡಿ. ಯಾರದೋ ಫೋನಿನ ಫೋಟೊ ಬ್ಯಾಕಪ್ ಆ ಹೊತ್ತಿಗೇ ಓಡುತ್ತಿರಬಹುದು. ಕಾಲ್ ಮುಗಿಯುವವರೆಗೆ ಅದನ್ನು ನಿಲ್ಲಿಸಿಡಿ.