ನೀರಿನಡಿಯ ಆ ಶನಿವಾರ



1962ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿಗಳನ್ನು ನಿಲ್ಲಿಸುತ್ತಿರುವುದು ಅಮೆರಿಕದ ಬೇಹುವಿಮಾನದ ಕಣ್ಣಿಗೆ ಬಿತ್ತು. ಅಧ್ಯಕ್ಷ ಕೆನಡಿ ಆ ದ್ವೀಪದ ಸುತ್ತ ನೌಕಾ ದಿಗ್ಬಂಧನ ಹಾಕಿದರು. ಕೆನಡಿ ಮತ್ತು ಕ್ರುಶ್ಚೇವ್ ನಡುವಿನ ಪತ್ರಗಳ ಕಥೆ ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನೀರಿನಡಿ ನಡೆದದ್ದು.

ಅಕ್ಟೋಬರ್ 27, ಶನಿವಾರ. ಬಿ-59 ಎಂಬ ಸೋವಿಯತ್ ಸಬ್‌ಮೆರಿನ್ನನ್ನು ಅಮೆರಿಕದ ಯುದ್ಧನೌಕೆಗಳು ಸುತ್ತುವರಿದವು. ಮೇಲೆ ಬನ್ನಿ ಎಂಬ ಸೂಚನೆಯಾಗಿ ಸಣ್ಣ ಸ್ಫೋಟಕಗಳನ್ನು ನೀರಿಗೆ ಹಾಕಿದವು. ಒಳಗೆ ಒಂದು ಅಣ್ವಸ್ತ್ರ ಟಾರ್ಪೆಡೊ ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಒಳಗಿದ್ದವರಿಗೋ ಇದು ಸೂಚನೆಯೋ ದಾಳಿಯೋ ತಿಳಿಯಲಿಲ್ಲ. ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಬಿಸಿ 45 ಡಿಗ್ರಿ ದಾಟಿತ್ತು. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕೆಲವರು ಕುಸಿದುಬಿದ್ದರು. ಎರಡು ದಿನ ಹಿಂದೆಯಷ್ಟೇ ಪೋಪ್ 23ನೇ ಜಾನ್ ಅವರು ವ್ಯಾಟಿಕನ್ ರೇಡಿಯೋದಲ್ಲಿ, ಮಾತುಕತೆಗೆ ಕೂರಿ ಎಂದು ನಾಯಕರನ್ನು ಬೇಡಿಕೊಂಡಿದ್ದರು. ಅಷ್ಟು ಆಳಕ್ಕೆ ಯಾವ ರೇಡಿಯೋ? ಮಾಸ್ಕೋದ ಸಂಪರ್ಕವೇ ಇರಲಿಲ್ಲ.

ಅದರಲ್ಲಿದ್ದ ವದಿಮ್ ಓರ್ಲೋವ್ ಮುಂದೆ ಹೇಳಿದಂತೆ, ಕ್ಯಾಪ್ಟನ್ ಸವಿತ್ಸ್ಕಿ ರೇಗಿ, ಆ ಟಾರ್ಪೆಡೊ ಸಿದ್ಧಮಾಡಿ ಎಂದುಬಿಟ್ಟರು. ಅವರನ್ನು ಸಮಾಧಾನಪಡಿಸಿ ತಡೆದವರು ವಸಿಲಿ ಅರ್ಖಿಪೋವ್. ವಿಕಿರಣವೆಂದರೆ ಏನೆಂದು ಅರ್ಖಿಪೋವ್ ಕಣ್ಣಾರೆ ಕಂಡಿದ್ದರು. 1961ರಲ್ಲಿ ಕೆ-19 ಸಬ್‌ಮೆರಿನ್ನಿನ ರಿಯಾಕ್ಟರ್ ಕೆಟ್ಟಾಗ ಅವರು ಅದರಲ್ಲೇ ಇದ್ದರು. ದುರಸ್ತಿಗೆ ಇಳಿದ ಎಂಟು ಮಂದಿ ಕೆಲವೇ ವಾರಗಳಲ್ಲಿ ತೀರಿಕೊಂಡರು.

ಬಿ-59 ನೀರಿನ ಮೇಲೆ ಬಂತು. ಮರುದಿನ ಕ್ರುಶ್ಚೇವ್ ಕ್ಷಿಪಣಿಗಳನ್ನು ವಾಪಸ್ ತೆಗೆಯುವುದಾಗಿ ಸಾರಿದರು. ಅರ್ಖಿಪೋವ್ ತೀರಿಕೊಂಡದ್ದು 1998ರಲ್ಲಿ. ಈ ಸಂಗತಿ ಜಗತ್ತಿನ ಕಿವಿಗೆ ಬಿದ್ದದ್ದು 2002ರಲ್ಲಿ, ಹವಾನಾದಲ್ಲಿ ನಡೆದ ಸಮ್ಮೇಳನದ ಹೊತ್ತಿಗೆ.